ಮ್ಯಾಡ್ರಿಡ್‌ನ ಪಾರ್ಕಿನಲ್ಲಿ ಈಜಿಪ್ಟಿನ ದೇವಸ್ಥಾನ: ದೆಬೋದ್ ನೋಡಲು ಹೋಗುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮ್ಯಾಡ್ರಿಡ್‌ಗೆ ಬಂದ ನೆಂಟರು, ಸ್ನೇಹಿತರನ್ನು ನಾನು ಮೊದಲು ಕರೆದುಕೊಂಡು ಹೋಗುವುದು ದೆಬೋದ್‌ಗೆ. ಅರಮನೆ, ಮ್ಯೂಸಿಯಂ ಎಲ್ಲ ಆಮೇಲೆ. ಅಲ್ಲಿ ನಿಂತು ಅವರು ಕೇಳಿದ್ದು, ಬರುವ ಮೊದಲು ಫೋನಿನಲ್ಲಿ ವಿಚಾರಿಸಿದ್ದು, ಊರಿಗೆ ವಾಪಸ್ ಹೋದ ಮೇಲೆ ಬರೆದು ಕೇಳಿದ್ದು, ಎಲ್ಲವನ್ನೂ ಆದಷ್ಟು ಅವರದೇ ಮಾತಿನಲ್ಲಿ ಇಲ್ಲಿ ಸೇರಿಸಿದ್ದೇನೆ.

## ಹೊರಡುವ ಮೊದಲು

ಇದು ನಿಜವಾದ ದೇವಸ್ಥಾನವಾ, ಇಲ್ಲಾ ಪಾರ್ಕಿನ ಅಂದಕ್ಕೆ ಅಂತ ಕಟ್ಟಿದ್ದಾ?

ನಿಜವಾದದ್ದೇ. ಸುಮಾರು 2,200 ವರ್ಷದಷ್ಟು ಹಳೆಯದು. ಅಸ್ವಾನ್ ಪಟ್ಟಣದಿಂದ ಸುಮಾರು 15 ಕಿಲೋಮೀಟರ್ ದಕ್ಷಿಣಕ್ಕೆ, ನೈಲ್ ನದಿಯ ಪಶ್ಚಿಮ ದಡದಲ್ಲಿ ದೆಬೋದ್ ಎಂಬ ಜಾಗವಿತ್ತು. ದೇವಸ್ಥಾನ ಇದ್ದದ್ದು ಅಲ್ಲಿ. ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು ಇಲ್ಲಿ ಮತ್ತೆ ಜೋಡಿಸಿದ್ದಾರೆ. ಬಿದ್ದುಹೋದ, ಕಳೆದುಹೋದ ಕಲ್ಲುಗಳ ಜಾಗಕ್ಕೆ ಹೊಸ ಕಲ್ಲು ಇಟ್ಟಿರುವುದೂ ನಿಜ. ಯಾವುದು ಹಳೆಯದು, ಯಾವುದು ಹೊಸದು ಅಂತ ಗುರುತಿಸುವುದು ಸುಲಭ. ಅದನ್ನು ಮುಂದೆ ಹೇಳುತ್ತೇನೆ.

ಈಜಿಪ್ಟಿನ ದೇವಸ್ಥಾನ ಸ್ಪೇನ್‌ಗೆ ಹೇಗೆ ಬಂತು? ಕದ್ದು ತಂದರಾ?

ಇಲ್ಲ. ಇದು ಈಜಿಪ್ಟ್ ತಾನಾಗಿ ಕೊಟ್ಟ ಉಡುಗೊರೆ. ಯುರೋಪಿನ ಮ್ಯೂಸಿಯಂಗಳನ್ನು ನೋಡಿದವರಿಗೆ ಈ ಅನುಮಾನ ಬರುವುದು ಸಹಜ. ಆದರೆ ಇದರ ಕಥೆ ಬೇರೆ.

1960ರಲ್ಲಿ ಅಸ್ವಾನ್ ದೊಡ್ಡ ಅಣೆಕಟ್ಟಿನ ಕೆಲಸ ಶುರುವಾಯಿತು. ಹಿನ್ನೀರು ತುಂಬಿದರೆ ಈಜಿಪ್ಟಿನ ದಕ್ಷಿಣಕ್ಕೂ ಸುಡಾನ್‌ನ ಉತ್ತರಕ್ಕೂ ಹರಡಿದ ನುಬಿಯಾ ಪ್ರದೇಶದ ಹತ್ತಾರು ದೇವಸ್ಥಾನಗಳು ಪೂರ್ತಿ ಮುಳುಗುತ್ತಿದ್ದವು. ಈಜಿಪ್ಟ್ ಮತ್ತು ಸುಡಾನ್ ಸಹಾಯ ಕೇಳಿದವು. ಯುನೆಸ್ಕೊ ಅದೇ ವರ್ಷ ಎಲ್ಲ ದೇಶಗಳಿಗೂ ಕರೆ ಕೊಟ್ಟಿತು. ಹಣ, ಎಂಜಿನಿಯರುಗಳು, ಪುರಾತತ್ವ ತಜ್ಞರು ಎಲ್ಲ ಕಡೆಯಿಂದ ಬಂದರು. ಸ್ಪೇನ್ ಕೂಡ ಹಣ ಕೊಟ್ಟಿತು, ಮಾರ್ಟಿನ್ ಅಲ್ಮಾಗ್ರೊ ಎಂಬ ಪುರಾತತ್ವಜ್ಞರ ನೇತೃತ್ವದಲ್ಲಿ ತಂಡ ಕಳಿಸಿತು. ಆ ಉಪಕಾರಕ್ಕೆ ಪ್ರತಿಯಾಗಿ 1968ರಲ್ಲಿ ಈಜಿಪ್ಟ್ ಈ ದೇವಸ್ಥಾನವನ್ನು ಸ್ಪೇನ್‌ಗೆ ಕೊಟ್ಟಿತು.

ಹೆಸರು ಹೇಗೆ ಹೇಳಬೇಕು? ದಾರಿ ಕೇಳಿದರೆ ಯಾರಿಗೂ ಅರ್ಥ ಆಗಲಿಲ್ಲ.

‘ತೆಂಪ್ಲೊ ದೆ ದೆಬೋದ್’ ಅನ್ನಿ. ಕೊನೆಯ ‘ದ್’ ಮೆಲ್ಲಗೆ, ನುಂಗಿದ ಹಾಗೆ. ಒತ್ತು ಬೀಳುವುದು ‘ಬೋ’ ಮೇಲೆ.

ಎಲ್ಲಿದೆ? ಏರ್‌ಪೋರ್ಟಿನಿಂದ ಮೆಟ್ರೋದಲ್ಲೇ ಹೋಗಬಹುದಾ?

ಧಾರಾಳವಾಗಿ. ಏರ್‌ಪೋರ್ಟಿನಿಂದ 8ನೇ ಲೈನ್ ಹತ್ತಿ ಕೊನೆಯ ನಿಲ್ದಾಣ ನುಯೆವೊಸ್ ಮಿನಿಸ್ತೆರಿಯೊಸ್‌ನಲ್ಲಿ ಇಳಿಯಿರಿ. ಅಲ್ಲಿ 10ನೇ ಲೈನ್‌ಗೆ ಬದಲಾಯಿಸಿ ಪ್ಲಾಸಾ ದೆ ಎಸ್ಪಾನ್ಯಾದಲ್ಲಿ ಇಳಿದರೆ ಹತ್ತು ನಿಮಿಷದ ನಡಿಗೆ. 3ನೇ ಲೈನ್‌ನ ವೆಂತೂರಾ ರೊದ್ರೀಗೆಸ್ ನಿಲ್ದಾಣವೂ ಹತ್ತಿರ. ಪಾರ್ಕು ಇರುವುದು ದಿಬ್ಬದ ಮೇಲೆ. ಅರಮನೆ ನೋಡಿಕೊಂಡು ನಡೆದೇ ಬರುವವರೂ ಜಾಸ್ತಿ.

ಟಿಕೆಟ್ ಎಷ್ಟು?

ಉಚಿತ. ಪಾರ್ಕಿಗಂತೂ ಯಾವ ಹೊತ್ತಿಗೂ ಹೋಗಬಹುದು. ದೇವಸ್ಥಾನದ ಒಳಗೆ ಹೋಗಲು ಮಾತ್ರ ನಿಗದಿಯಾದ ಸಮಯ ಇದೆ, ಸೋಮವಾರ ರಜೆ. ಸಮಯ ಚಳಿಗಾಲಕ್ಕೊಂದು, ಬೇಸಿಗೆಗೊಂದು ಇರುತ್ತದೆ. ದುರಸ್ತಿಗೆ ಅಂತ ಮುಚ್ಚುವುದೂ ಉಂಟು. ಹೊರಡುವ ದಿನವೇ ಮ್ಯಾಡ್ರಿಡ್ ನಗರಪಾಲಿಕೆಯ ವೆಬ್‌ಸೈಟ್ ನೋಡಿಬಿಡಿ. ಒಳಗೆ ಜಾಗ ಕಡಿಮೆ, ಒಂದು ಸಲಕ್ಕೆ ಕೆಲವೇ ಜನರನ್ನು ಬಿಡುತ್ತಾರೆ. ಶನಿವಾರ, ಭಾನುವಾರ ಕ್ಯೂ ಉದ್ದ ಇರುತ್ತದೆ. ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ನಿಲ್ಲುವುದು ಒಳ್ಳೆಯದು.

ಅಪ್ಪ ಅಮ್ಮನಿಗೆ ಮಂಡಿ ನೋವು. ಕರೆದುಕೊಂಡು ಬರಬಹುದಾ?

ಬನ್ನಿ. ಫೆರ್ರಾಸ್ ಬೀದಿಯ ಕಡೆಯಿಂದ ಬಂದರೆ ಹತ್ತುವುದು ಕಡಿಮೆ. ಪಾರ್ಕಿನ ತುಂಬ ಕೂರಲು ಬೆಂಚುಗಳಿವೆ. ದೇವಸ್ಥಾನದ ಮೇಲಂತಸ್ತಿಗೆ ಮಾತ್ರ ಮೆಟ್ಟಿಲು ಹತ್ತಬೇಕು. ಅವರು ಕೆಳಗಿನದಷ್ಟೇ ನೋಡಿದರೂ ಮುಖ್ಯವಾದದ್ದು ತಪ್ಪುವುದಿಲ್ಲ. ಬೇಸಿಗೆಯ ಮಧ್ಯಾಹ್ನ ಬೇಡವೇ ಬೇಡ. ಜುಲೈ, ಆಗಸ್ಟ್‌ನಲ್ಲಿ ಮ್ಯಾಡ್ರಿಡ್ ಬಿಸಿಲು ನಮ್ಮ ರಾಯಚೂರಿನ ಬಿಸಿಲಿನ ಹಾಗೇ ಇರುತ್ತದೆ. ದೇವಸ್ಥಾನದ ಮುಂದಿನ ಬಯಲಲ್ಲಿ ನೆರಳೂ ಇಲ್ಲ.

ಬೆಳಿಗ್ಗೆ ಹೋಗೋದಾ, ಸಂಜೆ ಹೋಗೋದಾ?

ಎಲ್ಲರೂ ಸಂಜೆ ಅನ್ನುತ್ತಾರೆ. ಸೂರ್ಯ ಮುಳುಗುವುದನ್ನು ನೋಡಲು ಊರೇ ಅಲ್ಲಿ ಸೇರುತ್ತದೆ, ಗಿಟಾರ್ ನುಡಿಸುವವರೂ ಇರುತ್ತಾರೆ. ಚೆನ್ನಾಗಿಯೇ ಇರುತ್ತದೆ. ಆದರೆ ಒಂದು ವಿಷಯ ಗಮನಿಸಿ. ದೇವಸ್ಥಾನದ ಮುಖ ಇರುವುದು ಪೂರ್ವಕ್ಕೆ. ನೈಲ್‌ನ ಪಶ್ಚಿಮ ದಡದಲ್ಲಿ ನದಿಯ ಕಡೆ ಮುಖ ಮಾಡಿ ನಿಂತಿತ್ತಲ್ಲ, ಆ ದಿಕ್ಕನ್ನೇ ಇಲ್ಲೂ ಉಳಿಸಿಕೊಂಡಿದ್ದಾರೆ. ಹಾಗಾಗಿ ಸಂಜೆ ಸೂರ್ಯ ಇರುವುದು ದೇವಸ್ಥಾನದ ಬೆನ್ನಿಗೆ. ಮುಂದೆ ನಿಂತವರಿಗೆ ಕಾಣುವುದು ಬರೀ ಕಪ್ಪು ಆಕಾರ. ಫೋಟೋಗೆ ಚೆಂದ, ಕಲ್ಲು ನೋಡುವುದಕ್ಕೆ ಆಗುವುದಿಲ್ಲ.

ಕಲ್ಲು ನೋಡಬೇಕಾದರೆ ಬೆಳಿಗ್ಗೆ ಹೋಗಿ. ಎಳೆಬಿಸಿಲು ದ್ವಾರಗಳನ್ನು ದಾಟಿ ನೇರವಾಗಿ ಕಂಬಗಳ ಮೇಲೆ ಬೀಳುತ್ತದೆ. ಕಲ್ಲು ಹುರಿದ ರವೆಯ ಬಣ್ಣಕ್ಕೆ ತಿರುಗುತ್ತದೆ. ಆ ಹೊತ್ತಿನಲ್ಲಿ ನಾಯಿ ಕರೆದುಕೊಂಡು ಬಂದ ಇಬ್ಬರು ಮೂವರು ಬಿಟ್ಟರೆ ಯಾರೂ ಇರುವುದಿಲ್ಲ. ನನ್ನ ಕೇಳಿದರೆ, ಬೆಳಿಗ್ಗೆ ದೇವಸ್ಥಾನಕ್ಕೆ, ಸಂಜೆ ಸೂರ್ಯನಿಗೆ ಅಂತ ಎರಡು ಸಲ ಹೋಗಿ.

ಚಪ್ಪಲಿ ಬಿಡಬೇಕಾ? ಪೂಜೆ ನಡೆಯುತ್ತಾ?

ಚಪ್ಪಲಿ ಬಿಡಬೇಕಿಲ್ಲ, ಪೂಜೆಯೂ ಇಲ್ಲ. ಈಜಿಪ್ಟಿನಲ್ಲಿ ಕ್ರೈಸ್ತ ಧರ್ಮ ಹರಡಿದ ಮೇಲೆ, 6ನೇ ಶತಮಾನದ ಹೊತ್ತಿಗೆ ಈ ಭಾಗದ ಹಳೆಯ ದೇವರುಗಳ ಪೂಜೆ ನಿಂತುಹೋಯಿತು.

ನಮ್ಮ ಅತ್ತೆ ಬಂದಾಗ ಮೊದಲ ದ್ವಾರದ ಹತ್ತಿರ ತಾವಾಗಿಯೇ ಚಪ್ಪಲಿ ಬಿಡಲು ಬಗ್ಗಿದರು. ಬೇಡ ಅತ್ತೆ, ಇಲ್ಲಿ ದೇವರಿಲ್ಲ ಅಂದೆ. ‘ಇದ್ದ ಜಾಗ ತಾನೇ’ ಅಂದರು. ಒಳಗೆ ಗರ್ಭಗುಡಿಯ ಮುಂದೆ ಒಂದು ಕ್ಷಣ ಕೈ ಮುಗಿದು ನಿಂತರು. ಕಾವಲಿನವರೂ ಏನೂ ಅನ್ನಲಿಲ್ಲ. ನನಗೆ ಆ ದೇವಸ್ಥಾನ ದೇವಸ್ಥಾನವಾಗಿ ಕಂಡದ್ದು ಅವತ್ತೇ.

## ಅಲ್ಲಿ ಹೋಗಿ ನಿಂತ ಮೇಲೆ

ಕೆಲವು ಕಲ್ಲು ಒಂದು ಬಣ್ಣ, ಕೆಲವು ಇನ್ನೊಂದು ಬಣ್ಣ ಯಾಕೆ?

ದೆಬೋದ್‌ನಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಇದು. ದೇವಸ್ಥಾನದ ಮುಂಭಾಗದ ಮಂಟಪ 19ನೇ ಶತಮಾನದಲ್ಲೇ ಕುಸಿದಿತ್ತು. ಅಷ್ಟೊಂದು ವರ್ಷದಲ್ಲಿ ಬಹಳ ಕಲ್ಲು ಕಳೆದುಹೋಗಿತ್ತು. ಆ ಜಾಗ ತುಂಬಲು ಸ್ಪೇನಿನ ಸಲಾಮಾಂಕಾ ಹತ್ತಿರದ ವಿಯಾಮಯೋರ್ ಕಲ್ಲನ್ನು ತಂದರು. ಬೇಕೆಂದೇ ಬಣ್ಣ ಬೇರೆ ಬರುವ ಹಾಗೆ ನೋಡಿಕೊಂಡರು, ನೋಡುವವರಿಗೆ ಮೋಸ ಆಗಬಾರದು ಅಂತ.

ಮುಂದಿನ ಕಂಬಗಳ ಹತ್ತಿರ ನಿಂತು ಕಣ್ಣನ್ನು ಸಾಲು ಸಾಲಾಗಿ ಓಡಿಸಿ. ಅಂಚು ಸವೆದ, ಸಣ್ಣ ಸಣ್ಣ ಗುಳಿ ಬಿದ್ದ ಮರಳುಗಲ್ಲು ಈಜಿಪ್ಟಿನದು. ಅಂಚು ಚೂಪಾಗಿ, ಮೈ ನುಣುಪಾಗಿ ಇರುವುದು ಇಲ್ಲಿನದು. ಒಂದೇ ಗೋಡೆಯಲ್ಲಿ ಒಂದು ಹಳೆಯ ಕಲ್ಲು ಸುತ್ತ ಹೊಸಬರ ನಡುವೆ ಒಂಟಿಯಾಗಿ ಕೂತಿರುವುದೂ ಉಂಟು. ಮಕ್ಕಳಿಗೆ ಈ ಆಟ ಹೇಳಿಕೊಟ್ಟರೆ ಅರ್ಧ ಗಂಟೆ ಅಲುಗಾಡುವುದಿಲ್ಲ.

ಒಳಗೆ ಹೋದೆವು, ಮಬ್ಬುಗತ್ತಲೆ. ಏನು ನೋಡಬೇಕು ಅಂತಲೇ ಗೊತ್ತಾಗಲಿಲ್ಲ.

ಅವಸರ ಮಾಡಬೇಡಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಎರಡು ನಿಮಿಷ ಸುಮ್ನೆ ನಿಲ್ಲಿ.

ಮೊದಲು ಹುಡುಕಬೇಕಾದದ್ದು ಹಳೆಯ ಪೂಜಾಕೋಣೆ. ಇಡೀ ದೇವಸ್ಥಾನ ಬೆಳೆದದ್ದು ಈ ಪುಟ್ಟ ಕೋಣೆಯ ಸುತ್ತ. ಗೋಡೆಯ ಮೇಲೆ ಸಾಲಾಗಿ ಉಬ್ಬುಕೆತ್ತನೆಗಳಿವೆ. ಎಲ್ಲದರಲ್ಲೂ ಹೆಚ್ಚುಕಮ್ಮಿ ಒಂದೇ ಸಂಗತಿ: ರಾಜ ದೇವರ ಮುಂದೆ ನಿಂತು ಏನನ್ನೋ ಅರ್ಪಿಸುತ್ತಿದ್ದಾನೆ. ಮುಖ್ಯ ದೇವರುಗಳು ಅಮುನ್ ಮತ್ತು ಐಸಿಸ್. ಅಮುನ್‌ನನ್ನು ಗುರುತಿಸುವುದು ತಲೆಯ ಮೇಲಿನ ಎರಡು ಉದ್ದನೆಯ ಗರಿಗಳಿಂದ. ಚಿತ್ರಲಿಪಿಯ ಸಾಲಿನಲ್ಲಿ ಉದ್ದುದ್ದ ಉಂಗುರದಂಥ ಗೆರೆಯೊಳಗೆ ಕೆಲವು ಅಕ್ಷರಗಳಿರುತ್ತವೆ. ಅದರೊಳಗಿನದು ರಾಜನ ಹೆಸರು. ಅಷ್ಟು ಗೊತ್ತಿದ್ದರೆ ಗೋಡೆ ಓದಲು ಶುರು ಮಾಡಿದಂತೆಯೇ.

ಆಮೇಲೆ ತುದಿಯ ಗರ್ಭಗುಡಿಗೆ ಹೋಗಿ. ಅಲ್ಲಿ ಗ್ರಾನೈಟ್ ಕಲ್ಲಿನ ಒಂದು ಗೂಡು ಇದೆ. ದೇವರ ವಿಗ್ರಹ ಇರುತ್ತಿದ್ದದ್ದು ಅದರಲ್ಲಿ. ಇದನ್ನು ಕೊಟ್ಟವನು 12ನೇ ಟಾಲೆಮಿ, ಕ್ಲಿಯೋಪಾತ್ರಳ ಅಪ್ಪ. ನಮ್ಮ ದೇವಸ್ಥಾನಗಳ ಹಾಗೇ ಇಲ್ಲೂ ಒಳಗೆ ಹೋದಷ್ಟೂ ಕೋಣೆ ಕಿರಿದಾಗುತ್ತದೆ, ಬೆಳಕು ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ಬರಲು ಅರ್ಚಕರಿಗೆ ಮಾತ್ರ ಅವಕಾಶವಿತ್ತು.

ಮೇಲಂತಸ್ತಿನಲ್ಲಿ ನುಬಿಯಾದ ದೇವಸ್ಥಾನಗಳ ಮಾದರಿಗಳಿವೆ. ಯಾವುದು ನದಿಯ ಯಾವ ತಿರುವಿನಲ್ಲಿತ್ತು ಅನ್ನುವುದು ಅದನ್ನು ನೋಡಿದರೆ ತಲೆಗೆ ಹತ್ತುತ್ತದೆ.

ಈಜಿಪ್ಟ್ ಅಂದ್ರೆ ಬಣ್ಣ ಬಣ್ಣದ ಗೋಡೆ ಅಂದುಕೊಂಡಿದ್ದೆ. ಇಲ್ಲಿ ಎಲ್ಲ ಬೋಳು ಅಲ್ವಾ?

ಇಲ್ಲೂ ಬಣ್ಣವಿತ್ತು, ನೀರು ತೊಳೆದುಬಿಟ್ಟಿತು. ದೊಡ್ಡ ಅಣೆಕಟ್ಟಿಗಿಂತ ಮೊದಲೇ ಅಸ್ವಾನ್‌ನಲ್ಲಿ ಇನ್ನೊಂದು ಅಣೆಕಟ್ಟು ಬಂದಿತ್ತು. 1902ರಲ್ಲಿ ಮುಗಿದದ್ದು. ಮುಂದೆ ಎರಡು ಸಲ ಅದರ ಎತ್ತರ ಹೆಚ್ಚಿಸಿದರು. ಆಮೇಲೆ ದೆಬೋದ್ ವರ್ಷದ ಹೆಚ್ಚು ಕಾಲ ನೀರಿನಲ್ಲೇ ಇರುತ್ತಿತ್ತು, ನೀರು ಇಳಿದಾಗಷ್ಟೇ ಹೊರಗೆ ಕಾಣುತ್ತಿತ್ತು. ಹಾಸನದ ಹತ್ತಿರ ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೀಗೆ ಹಲವು ದಶಕ ನೆನೆದು, ಒಣಗಿ, ಮತ್ತೆ ನೆನೆದ ಕಲ್ಲು ಇದು. ಕೆತ್ತನೆ ಇಷ್ಟಾದರೂ ಉಳಿದಿದೆಯಲ್ಲ ಅಂತ ನನಗೆ ಈಗಲೂ ಆಶ್ಚರ್ಯ.

ಸುತ್ತ ಕೊಳ ಯಾಕೆ ಮಾಡಿದ್ದಾರೆ?

ನೈಲ್ ನದಿಯ ನೆನಪಿಗೆ. ಆಳ ಇಲ್ಲ. ರಾತ್ರಿ ದೀಪ ಹಾಕಿದಾಗ ದ್ವಾರಗಳ ನೆರಳು ಅದರಲ್ಲಿ ತಲೆಕೆಳಗಾಗಿ ನಿಲ್ಲುತ್ತದೆ. ಕೆಲವೊಮ್ಮೆ ಕೊಳ ಖಾಲಿ ಇರುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಗೋಡೆ ಮೇಲೆ ಯಾರೋ ಏನೇನೋ ಗೀಚಿದ್ದಾರೆ. ಇದನ್ನು ಅಳಿಸಬಾರದಾ?

ಅಳಿಸಬಾರದು. ಪೂಜೆ ನಿಂತ ಮೇಲೆ ಆ ದಾರಿಯಲ್ಲಿ ಬಂದುಹೋದ ದಾರಿಹೋಕರು, ಪ್ರವಾಸಿಗಳು ಕೆತ್ತಿದ ಗುರುತುಗಳು ಅವು. ಅವೂ ಈಗ ದೇವಸ್ಥಾನದ ಚರಿತ್ರೆಯೇ. ಹಾಗಂತ ನೀವು ಗೋಡೆ ಮುಟ್ಟಬೇಡಿ. ಕೈಯ ಬೆವರು, ಎಣ್ಣೆ ಮರಳುಗಲ್ಲನ್ನು ತಿನ್ನುತ್ತದೆ. ಮಕ್ಕಳಿಗೆ ಬಾಗಿಲಲ್ಲೇ ಹೇಳಿ ಒಳಗೆ ಕರೆದುಕೊಂಡು ಹೋಗಿ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಕಟ್ಟಿಸಿದ್ದು ಯಾರು? ಫೇರೋಗಳಾ?

ಮೊದಲ ಪೂಜಾಕೋಣೆ ಕಟ್ಟಿಸಿದವನು ಈಜಿಪ್ಟಿನವನೇ ಅಲ್ಲ. ಆತ ಅದಿಖಲಮಾನಿ, ಇಂದಿನ ಸುಡಾನ್‌ನಲ್ಲಿದ್ದ ಮೆರೋಯೆಯ ರಾಜ. ಕಾಲ ಕ್ರಿ.ಪೂ. 2ನೇ ಶತಮಾನದ ಆರಂಭ. ಆಗ ಈಜಿಪ್ಟನ್ನು ಆಳುತ್ತಿದ್ದವರು ಗ್ರೀಕ್ ಮೂಲದ ಟಾಲೆಮಿಗಳು. ಕ್ರಿ.ಪೂ. 206ರಿಂದ 186ರವರೆಗೆ ಈಜಿಪ್ಟಿನ ದಕ್ಷಿಣ ಭಾಗ ಅವರ ವಿರುದ್ಧ ದಂಗೆ ಎದ್ದಿತ್ತು. ಆ ಸಂದಿಯಲ್ಲಿ ಮೆರೋಯೆಯ ರಾಜರು ಉತ್ತರಕ್ಕೆ ಕೈ ಚಾಚಿದರು. ಈ ಕೋಣೆ ಆ ಕಾಲದ್ದು.

ದಂಗೆ ಅಡಗಿದ ಮೇಲೆ ಟಾಲೆಮಿಗಳು ಇದನ್ನು ಕೆಡವಲಿಲ್ಲ, ಸುತ್ತ ಕಟ್ಟಿ ಬೆಳೆಸಿದರು. ರೋಮನ್ನರು ಬಂದ ಮೇಲೆ ಆಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಕಾಲದಲ್ಲಿ ಅಲಂಕಾರದ ಕೆಲಸ ನಡೆಯಿತು. ಚಾಲುಕ್ಯರು ಶುರು ಮಾಡಿದ ಗುಡಿಗೆ ಹೊಯ್ಸಳರು ಮಂಟಪ ಸೇರಿಸಿ, ವಿಜಯನಗರದವರು ಗೋಪುರ ಎತ್ತಿದ್ದನ್ನು ಕಂಡ ನಮಗೆ ಇದು ತಟ್ಟನೆ ಅರ್ಥವಾಗುತ್ತದೆ.

ಇಡೀ ದೇವಸ್ಥಾನ ಎತ್ತಿ ತರೋದು ಅಂದ್ರೆ ಹೇಗೆ? ಕಲ್ಲು ಕಲಸಿಹೋಗಲ್ವಾ?

ಅದೇ ಆಗಿದ್ದು. 1960-61ರಲ್ಲಿ ದೇವಸ್ಥಾನವನ್ನು ಬಿಚ್ಚಿ, ಕಲ್ಲುಗಳನ್ನು ಅಸ್ವಾನ್ ಎದುರಿನ ಎಲಿಫೆಂಟೀನ್ ದ್ವೀಪದಲ್ಲಿ ಇಟ್ಟರು. ಅಲ್ಲೇ ವರ್ಷಗಟ್ಟಲೆ ಬಿದ್ದಿದ್ದವು. 1970ರಲ್ಲಿ ಅಲೆಕ್ಸಾಂಡ್ರಿಯಾಕ್ಕೆ, ಅಲ್ಲಿಂದ ಹಡಗಿನಲ್ಲಿ ವಲೆನ್ಸಿಯಾ ಬಂದರಿಗೆ, ಅಲ್ಲಿಂದ ಲಾರಿಗಳಲ್ಲಿ ಮ್ಯಾಡ್ರಿಡ್‌ಗೆ. ಇಲ್ಲಿ ಪೆಟ್ಟಿಗೆ ತೆರೆದಾಗ ಬಹಳ ಕಲ್ಲುಗಳ ಮೇಲಿನ ಗುರುತು ಅಳಿಸಿಹೋಗಿತ್ತು. ಕೈಯಲ್ಲಿದ್ದ ನಕ್ಷೆಯೂ ಪೂರ್ತಿ ಇರಲಿಲ್ಲ. ಚಿತ್ರ ಇಲ್ಲದ ಪೆಟ್ಟಿಗೆಯಲ್ಲಿ ಅರ್ಧ ತುಂಡುಗಳಿರುವ ಜಿಗ್ಸಾ ಕೊಟ್ಟು ಜೋಡಿಸಿ ಅಂದ ಹಾಗೆ.

ಆಗ ಕೈ ಹಿಡಿದದ್ದು ಹಳೆಯ ದಾಖಲೆ. ಗುಂಟರ್ ರೋಡರ್ ಎಂಬ ಜರ್ಮನ್ ವಿದ್ವಾಂಸ 20ನೇ ಶತಮಾನದ ಆರಂಭದಲ್ಲಿ ದೆಬೋದ್‌ಗೆ ಹೋಗಿ ಅಳತೆ ತೆಗೆದು, ಫೋಟೋ ಹಿಡಿದು, ಗೋಡೆಗಳ ಬರಹ ದಾಖಲಿಸಿಕೊಂಡಿದ್ದ. ಅದನ್ನು ಮುಂದಿಟ್ಟುಕೊಂಡು ಒಂದೊಂದು ಕಲ್ಲಿಗೂ ಜಾಗ ಹುಡುಕಿದರು. 1972ರ ಜುಲೈನಲ್ಲಿ ಜನರಿಗೆ ತೆರೆಯಿತು.

ಮುಂದಿನ ಎರಡು ದ್ವಾರಗಳು ಅದಲುಬದಲಾಗಿವೆ ಅಂತಾರೆ. ನಿಜಾನಾ?

ನಿಜ. ಮೂಲದಲ್ಲಿ ನದಿದಡದಿಂದ ದೇವಸ್ಥಾನದವರೆಗಿನ ದಾರಿಯಲ್ಲಿ ಮೂರು ದ್ವಾರಗಳಿದ್ದವು. ಇಲ್ಲಿರುವುದು ಎರಡು. ನೆತ್ತಿಯಲ್ಲಿ ಹಾವುಗಳ ನಡುವೆ ಸೂರ್ಯಬಿಂಬ ಇರುವ ದ್ವಾರ ಇಲ್ಲಿ ದೇವಸ್ಥಾನಕ್ಕೆ ತೀರ ಹತ್ತಿರವಿದೆ. ಮೂಲ ಜಾಗದ ಹಳೆಯ ಫೋಟೋಗಳಲ್ಲಿ ಅದು ಅಲ್ಲಿರಲಿಲ್ಲ. ಇದರಿಂದ ದೇವಸ್ಥಾನದ ಬೆಲೆ ಏನೂ ಕಡಿಮೆಯಾಗುವುದಿಲ್ಲ. ಗೊತ್ತಿದ್ದು ನೋಡಿದರೆ ಒಳ್ಳೆಯದು, ಅಷ್ಟೇ.

ಊರಲ್ಲಿ ಅಷ್ಟೊಂದು ಜಾಗ ಇದ್ದು, ಈ ದಿಬ್ಬವನ್ನೇ ಆರಿಸಿದ್ದು ಯಾಕೆ?

ಖಾಲಿ ಇತ್ತು, ಎತ್ತರದಲ್ಲಿತ್ತು. ಆದರೆ ಈ ದಿಬ್ಬಕ್ಕೆ ತನ್ನದೇ ನೋವಿನ ಕಥೆ ಇದೆ. ಹಳೆಯ ಹೆಸರು ಪ್ರಿನ್ಸಿಪೆ ಪಿಯೊ ಗುಡ್ಡ. 1808ರ ಮೇ 3ರಂದು ಬೆಳಕು ಹರಿಯುವ ಮುನ್ನ, ನೆಪೋಲಿಯನ್ನನ ಸೈನಿಕರು ದಂಗೆ ಎದ್ದ ಮ್ಯಾಡ್ರಿಡ್ ಜನರನ್ನು ಇಲ್ಲೇ ಸಾಲಾಗಿ ನಿಲ್ಲಿಸಿ ಗುಂಡಿಕ್ಕಿದರು. ಬಿಳಿ ಅಂಗಿಯವನು ಎರಡೂ ಕೈ ಎತ್ತಿ ನಿಂತಿರುವ, ಸ್ಪೇನಿನ ಚಿತ್ರಕಾರ ಗೋಯಾ ಬರೆದ ಚಿತ್ರ ನೋಡಿರುತ್ತೀರಿ, ಅದು ಈ ಘಟನೆಯದ್ದೇ. ಚಿತ್ರ ಈಗ ಪ್ರಾದೊ ಮ್ಯೂಸಿಯಂನಲ್ಲಿದೆ. ಮುಂದೆ ಇಲ್ಲಿ ಸೈನ್ಯದ ಬ್ಯಾರಕ್ ಕಟ್ಟಿದರು. 1936ರ ಜುಲೈ 20ರಂದು, ಸ್ಪೇನಿನ ಅಂತರ್ಯುದ್ಧ ಶುರುವಾದ ದಿನಗಳಲ್ಲಿ, ಆ ಬ್ಯಾರಕ್ಕಿನ ಮೇಲೆ ದಾಳಿಯಾಗಿ ಬಹಳ ಜನ ಸತ್ತರು. ಯುದ್ಧ ಮುಗಿದ ಮೇಲೆ ಪಾಳುಬಿದ್ದ ಕಟ್ಟಡ ಕೆಡವಿ ಪಾರ್ಕು ಮಾಡಿದರು. ಪ್ರಾದೊ ಮತ್ತು ದೆಬೋದ್ ಎರಡನ್ನೂ ಒಂದೇ ದಿನ ನೋಡಿ. ಚಿತ್ರ ನೋಡಿ ಬಂದ ಮೇಲೆ ಈ ಹುಲ್ಲಿನ ಮೇಲೆ ಕೂರುವುದೇ ಬೇರೆ.

ಬೇರೆ ದೇಶಗಳಿಗೂ ಹೀಗೆ ದೇವಸ್ಥಾನ ಕೊಟ್ಟರಾ?

ಹೌದು. ದೆಂಡೂರ್ ಅಮೆರಿಕಕ್ಕೆ ಹೋಯಿತು, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ತಾಫೆ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ, ಎಲ್ಲೆಸಿಯಾ ಇಟಲಿಯ ಟ್ಯೂರಿನ್‌ನಲ್ಲಿ, ಕಲಬ್ಶಾದ ಒಂದು ದ್ವಾರ ಬರ್ಲಿನ್‌ನಲ್ಲಿ. ಇವೆಲ್ಲ ಮ್ಯೂಸಿಯಂಗಳ ಆಸರೆಯಲ್ಲಿವೆ. ಆಕಾಶದ ಕೆಳಗೆ ನಿಂತಿರುವ ದೇವಸ್ಥಾನ ದೆಬೋದ್ ಒಂದೇ.

ಹಾಗಾದರೆ ಮಳೆ, ಚಳಿಗೆ ಹಾಳಾಗುತ್ತಿಲ್ವಾ?

ಆಗುತ್ತಿದೆ. ಮರಳುಗಲ್ಲು ನೀರು ಹೀರುತ್ತದೆ. ಮ್ಯಾಡ್ರಿಡ್ ಚಳಿಗಾಲದ ರಾತ್ರಿ ಆ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಕಲ್ಲಿನ ಮೈ ಪದರ ಪದರವಾಗಿ ಉದುರುತ್ತದೆ. ಜೊತೆಗೆ ವಾಹನಗಳ ಹೊಗೆ, ಪಾರಿವಾಳಗಳ ಹಿಕ್ಕೆ. ಮಳೆಯೇ ಅಪರೂಪವಾದ ಅಸ್ವಾನ್‌ನಿಂದ ಬಂದ ಕಲ್ಲಿಗೆ ಇದು ದೊಡ್ಡ ಶಿಕ್ಷೆ.

ಗಾಜಿನ ಹೊದಿಕೆ ಹಾಕಬೇಕು ಅಂತ ತಜ್ಞರು ಬಹಳ ಕಾಲದಿಂದ ಹೇಳುತ್ತಿದ್ದಾರೆ. ನೋಟ ಕೆಡುತ್ತದೆ ಅನ್ನುವವರೂ ಇದ್ದಾರೆ. ನಾನು ಹೊದಿಕೆಯ ಪರ. ಸಂಜೆಯ ಫೋಟೋ ಸ್ವಲ್ಪ ಕೆಟ್ಟರೆ ಕೆಡಲಿ. ಕಲ್ಲು ಹೋದರೆ ಇನ್ನೊಂದು ತರಲು ಆಗುವುದಿಲ್ಲ. ಉಳಿಸುತ್ತೇವೆ ಅಂತ ಮಾತು ಕೊಟ್ಟು ತಂದ ವಸ್ತು ಇದು.

ನಮ್ಮ ಕಡೆ ಇಂಥದ್ದು ನಡೆದಿದೆಯಾ?

ನಡೆದಿದೆ. ಕೆಆರ್‌ಎಸ್ ಹಿನ್ನೀರಿನಲ್ಲಿ ಮುಳುಗಿದ್ದ ಕನ್ನಂಬಾಡಿ ವೇಣುಗೋಪಾಲಸ್ವಾಮಿ ದೇವಸ್ಥಾನವನ್ನು ಖೋಡೆ ಪ್ರತಿಷ್ಠಾನದವರು ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದರು. ಶ್ರೀಶೈಲ ಅಣೆಕಟ್ಟು ಕಟ್ಟುವಾಗ ಬಾದಾಮಿ ಚಾಲುಕ್ಯರ ಕಾಲದ ಕೂಡವೆಲ್ಲಿ ಸಂಗಮೇಶ್ವರ ದೇವಸ್ಥಾನವನ್ನು ಆಲಂಪುರಕ್ಕೆ ಸಾಗಿಸಿದರು. ಅವೆರಡನ್ನೂ ನೋಡಿ ದೆಬೋದ್‌ಗೆ ಬಂದವರು ಕಲ್ಲಿನ ಸಂದುಗಳನ್ನೇ ಮೊದಲು ನೋಡುತ್ತಾರೆ.

ದೇವಸ್ಥಾನ ಉಳಿಸಿದರು ಸರಿ. ಅಲ್ಲಿದ್ದ ಜನ ಏನಾದರು?

ಶಿವಮೊಗ್ಗ ಕಡೆಯ ಸ್ನೇಹಿತರೊಬ್ಬರು ಕೇಳಿದ ಪ್ರಶ್ನೆ ಇದು. ಅವರ ತಾತನ ಮನೆ ಶರಾವತಿ ಮುಳುಗಡೆಯಲ್ಲಿ ಹೋಗಿತ್ತು.

ಈಜಿಪ್ಟ್ ಮತ್ತು ಸುಡಾನ್ ಎರಡೂ ಕಡೆ ಸೇರಿ ಸುಮಾರು 1 ಲಕ್ಷ ನುಬಿಯನ್ನರು ಊರು ಬಿಟ್ಟರು. ಈಜಿಪ್ಟಿನ ಕಡೆಯವರನ್ನು 1963-64ರಲ್ಲಿ ಕೋಮ್ ಓಂಬೊ ಹತ್ತಿರಕ್ಕೆ ಸಾಗಿಸಿದರು. ನದಿದಡದಲ್ಲಿ ಖರ್ಜೂರದ ಮರಗಳ ನಡುವೆ ಬದುಕಿದವರಿಗೆ ನದಿಯಿಂದ ದೂರದಲ್ಲಿ ಸಾಲು ಮನೆಗಳು ಸಿಕ್ಕವು. ಮನೆ, ತೋಟ, ಹಿರಿಯರ ಸಮಾಧಿಗಳು ಎಲ್ಲ ನೀರಿನಡಿ ಹೋದವು. ಜಗತ್ತೇ ಕೂಡಿ ಕಲ್ಲು ಎತ್ತಿತು, ಅವನ್ನು ಎತ್ತಲು ಯಾರೂ ಬರಲಿಲ್ಲ. ಹೊಸ ಜಾಗದಲ್ಲಿ ಅವರು ಹಳೆಯ ಊರುಗಳ ಹೆಸರನ್ನೇ ಮತ್ತೆ ಇಟ್ಟುಕೊಂಡರು. ದೆಬೋದ್‌ನಿಂದ ಹೋದವರ ಊರಿಗೆ ಇವತ್ತಿಗೂ ದೆಬೋದ್ ಅಂತಲೇ ಹೆಸರು.